ಜೀನ್ ರಿಪೋರ್ಟಿನಲ್ಲಿ ಮಂಗಗಳ ಲೆಕ್ಕ ಯಾಕೆ ಬರುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ

ಕೋಥ್ರುಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿಗೆ ಸ್ತನ ಕ್ಯಾನ್ಸರ್ ಆಗಿ ಇಲ್ಲೇ ಪುಣೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ವಯಸ್ಸು ಇನ್ನೂ ನಲವತ್ತು ದಾಟಿಲ್ಲ. ಅದಕ್ಕೇ ಡಾಕ್ಟರು ಜೀನ್ ಪರೀಕ್ಷೆ ಬರೆದುಕೊಟ್ಟರು. ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಏರಿಸುವ ಬಿಆರ್‌ಸಿಎ1 ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ, ಅದು 'ವಿಯುಎಸ್' ಅಂತ ರಿಪೋರ್ಟ್ ಬಂದಿದೆ. ಅಂದರೆ ಕೆಡುಕೋ ಅಲ್ಲವೋ ಅಂತ ಇನ್ನೂ ತೀರ್ಮಾನ ಆಗದ ಬದಲಾವಣೆಯಂತೆ.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ಇದೇ ಬದಲಾವಣೆ ಕೆಲವು ಜಾತಿಯ ಮಂಗಗಳಲ್ಲಿ ಮಾಮೂಲಾಗಿ ಸಿಗುತ್ತದೆ, ಹಾಗಾಗಿ ಅಪಾಯ ಇಲ್ಲದಿರುವ ಕಡೆಗೇ ವಾಲುತ್ತದೆ ಅಂತ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಇದೇ ಮಾತು. ಮಂಗನ ಮೈಯಲ್ಲಿ ಇದ್ದರೆ ನಮಗೇನು ಸಮಾಧಾನ ಅಂತ ನಮ್ಮ ಅತ್ತೆ ಕೇಳುತ್ತಿದ್ದಾರೆ. ನನಗೂ ಉತ್ತರ ಗೊತ್ತಿಲ್ಲ. ಕೌನ್ಸೆಲಿಂಗಿನಲ್ಲಿ ಹೇಳಿದ್ದು ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ನಾದಿನಿಯ ಇಬ್ಬರು ಹೆಣ್ಣುಮಕ್ಕಳಿಗೂ ಈ ಪರೀಕ್ಷೆ ಮಾಡಿಸಬೇಕಾ? ಈ ಮಂಗದ ವಾಕ್ಯವನ್ನು ಎಷ್ಟು ನಂಬಬಹುದು?

ಡೊಂಬಿವಲಿ ಲೋಕಲ್

ಅಕ್ಕಾ, ನಾದಿನಿಯವರು ಬೇಗ ಗುಣವಾಗಲಿ. ಮಂಗನ ವಿಷಯಕ್ಕೆ ನಗು ಬಂತು, ಕ್ಷಮಿಸಿ. ನಮ್ಮ ಮನೆಯಲ್ಲಾದರೆ ಹನುಮಂತನೇ ಸರ್ಟಿಫಿಕೇಟ್ ಕೊಟ್ಟ ಅಂತ ಅಜ್ಜಿ ಮಾರುತಿ ಗುಡಿಗೆ ಎಣ್ಣೆ ಹಾಕಿ ಬರುತ್ತಿದ್ದರು. ತಿಳಿದವರು ಬರಲಿ, ನಾನೂ ಓದುತ್ತೇನೆ.

ಪಾಷಾಣ್ ಡೇಟಾ

ನಾನು ಡಾಕ್ಟರ್ ಅಲ್ಲ. ಜೀನೋಮ್, ಅಂದರೆ ಒಂದು ಜೀವಿಯ ಇಡೀ ಡಿಎನ್‌ಎ, ಅದರ ಡೇಟಾ ನೋಡುವ ಕೆಲಸ. ಆ ಸಣ್ಣ ಅಕ್ಷರದ ವಾಕ್ಯಗಳು ಎಲ್ಲಿಂದ ಬರುತ್ತವೆ ಅಂತ ಹೇಳಬಲ್ಲೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಒಬ್ಬರಿಗೂ ಇನ್ನೊಬ್ಬರಿಗೂ ಲಕ್ಷಾಂತರ ಜಾಗದಲ್ಲಿ ಅಕ್ಷರ ಬೇರೆ ಇರುತ್ತದೆ. ಅದರಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಹೋಟೆಲ್ ಬೋರ್ಡಿನಲ್ಲಿ ಮಸಾಲೆ ದೋಸೆಯನ್ನು 'ಮಸಾಲ ದೋಸೆ' ಅಂತ ಬರೆದರೂ ಗಿರಾಕಿಗೆ ದೋಸೆಯೇ ಬರುತ್ತದೆ. ದೋಸೆ ಹೋಗಿ 'ದೋಣಿ' ಆದರೆ ಕಷ್ಟ. ಎರಡರಲ್ಲೂ ಬದಲಾಗಿದ್ದು ಒಂದೇ ಅಕ್ಷರ. ಯಾವುದು ಯಾವ ಬಗೆಯದ್ದು ಅಂತ ಹೇಳುವುದೇ ಈ ಇಡೀ ಕೆಲಸದ ತಲೆನೋವು.

ಜೀನಿನಲ್ಲಿ ಒಂದು ಅಕ್ಷರ ಬದಲಾಗಿ, ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು, ಅಂದರೆ ಒಂದು ಅಮೈನೋ ಆಮ್ಲ, ಬೇರೆಯದಾದರೆ ಅದಕ್ಕೆ ಮಿಸ್‌ಸೆನ್ಸ್ ಅನ್ನುತ್ತೇವೆ. ಮನುಷ್ಯರಲ್ಲಿ ಆಗಬಹುದಾದ ಇಂಥ ಬದಲಾವಣೆಗಳು ಒಟ್ಟು 7 ಕೋಟಿಯಷ್ಟಿವೆ. ರೋಗಿಗಳನ್ನು ನೋಡಿ ಖಚಿತವಾಗಿ ತೀರ್ಮಾನ ಮಾಡಿದ್ದು ಅದರಲ್ಲಿ ಬಹಳ ಕಡಿಮೆ. ಉಳಿದದ್ದೆಲ್ಲ ವಿಯುಎಸ್ ಅನ್ನುವ ಬುಟ್ಟಿಗೆ.

ಮಂಗ ಬರುವುದು ಇಲ್ಲಿ. ಒಂದು ಬದಲಾವಣೆ ನಿಜವಾಗಿ ಕೆಡುಕು ಮಾಡುವಂಥದ್ದಾದರೆ ಅದನ್ನು ಹೊತ್ತ ಪ್ರಾಣಿಗಳು ಮರಿ ಹಾಕುವುದು ಕಡಿಮೆಯಾಗುತ್ತದೆ. ತಲೆಮಾರುಗಳು ಕಳೆದ ಹಾಗೆ ಆ ಬದಲಾವಣೆ ಅಳಿದುಹೋಗುತ್ತದೆ, ಇಲ್ಲವೇ ಅಪರೂಪವಾಗಿ ಉಳಿಯುತ್ತದೆ. ಹಾಗಾದರೆ ಒಂದು ಜಾತಿಯ ಮಂಗಗಳಲ್ಲಿ ಅದು ಧಾರಾಳವಾಗಿ ಹರಡಿದ್ದರೆ ಏನರ್ಥ? ಆ ಮಂಗಗಳಿಗೆ ಅದರಿಂದ ತೊಂದರೆ ಆಗಿಲ್ಲ. ಅವುಗಳ ಪ್ರೋಟೀನು ನಮ್ಮದರಂತೆಯೇ ಇರುವುದರಿಂದ ನಮಗೂ ಆಗಲಿಕ್ಕಿಲ್ಲ ಅಂತ ಲೆಕ್ಕ.

ಎಷ್ಟು ಹತ್ತಿರ ಅಂದರೆ, 2005ರಲ್ಲಿ ಚಿಂಪಾಂಜಿಯ ಜೀನೋಮ್ ಬಂದಾಗ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದರು. ಒಂಟಿ ಅಕ್ಷರದ ವ್ಯತ್ಯಾಸ ಶೇ 1.23 ಮಾತ್ರ. 2007ರಲ್ಲಿ ರೀಸಸ್ ಮಂಗದ್ದು ಬಂತು. ಅದು ನಮ್ಮಿಂದ ಕವಲೊಡೆದು ಸುಮಾರು 2.5 ಕೋಟಿ ವರ್ಷ ಆಗಿದೆ. ಆದರೂ ಶೇ 93ರಷ್ಟು ಹೊಂದುತ್ತದೆ.

ಆಮೇಲೆ 2023ರ ಜೂನಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಕಟ್ಟು ಲೇಖನಗಳು ಬಂದವು. 233 ಜಾತಿಯ 809 ಪ್ರಾಣಿಗಳ ಜೀನೋಮ್. ಲೋಕದಲ್ಲಿರುವ ಮಂಗ, ವಾನರ, ಕಾಡುಪಾಪಗಳ ಬಳಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾತಿಗಳು. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯವರೂ ಅದರಲ್ಲಿ ಕೈಜೋಡಿಸಿದ್ದರು. ಅಷ್ಟನ್ನೂ ಜಾಲಾಡಿದಾಗ ಮಂಗಗಳಲ್ಲಿ ಮಾಮೂಲಾಗಿರುವ 43 ಲಕ್ಷ ಮಿಸ್‌ಸೆನ್ಸ್ ಬದಲಾವಣೆಗಳು ಸಿಕ್ಕವು. 7 ಕೋಟಿಯಲ್ಲಿ ಶೇ 6. ಇವನ್ನೇ ಪಾಠ ಮಾಡಿಸಿ ಪ್ರೈಮೇಟ್‌ಎಐ-3ಡಿ ಅನ್ನುವ ಪ್ರೋಗ್ರಾಂ ತಯಾರಿಸಿದರು. ಉಳಿದ ಬದಲಾವಣೆಗಳಿಗೆ ಅದು ಅಂಕ ಕೊಡುತ್ತದೆ. ಅದೇ ವರ್ಷ ಗೂಗಲ್ ಡೀಪ್‌ಮೈಂಡಿನ ಆಲ್ಫಾಮಿಸ್‌ಸೆನ್ಸ್ ಬಂತು, ಅದೂ ಮಂಗಗಳ ಡೇಟಾ ಬಳಸುತ್ತದೆ. ನಿಮ್ಮ ರಿಪೋರ್ಟಿನ ವಾಕ್ಯ ಈ ದಾರಿಯಲ್ಲಿ ಬಂದಿರುತ್ತದೆ.

ಮನುಷ್ಯರನ್ನೇ ಜಾಸ್ತಿ ಪರೀಕ್ಷೆ ಮಾಡಿದರೆ ಸಾಲದೇ ಅಂತ ಕೇಳಬಹುದು. ಅಷ್ಟು ಸಾಲದು. ನಾವು 800 ಕೋಟಿ ಜನ ಇದ್ದರೂ ನಮ್ಮ ಹಿರೀಕರು ಒಂದು ಕಾಲಕ್ಕೆ ಕೆಲವೇ ಸಾವಿರ ಮಂದಿ. ಅದಕ್ಕೆ ನಮ್ಮೊಳಗೆ ವೈವಿಧ್ಯ ಕಡಿಮೆ. ಸಂಖ್ಯೆಯಲ್ಲಿ ಎಷ್ಟೋ ಕಡಿಮೆ ಇರುವ ಅನೇಕ ಮಂಗಗಳಲ್ಲಿ ನಮಗಿಂತ ಜಾಸ್ತಿ ಇದೆ.

ಪರೇಲ್ ಬ್ಲಡ್ ಬ್ಯಾಂಕ್

ಚೆನ್ನಾಗಿ ಹೇಳಿದಿರಿ. ನಮ್ಮ ಕಡೆಯಿಂದ ಒಂದೆರಡು ಸೇರಿಸುತ್ತೇನೆ, ರಕ್ತದ ವಿಷಯ.

ಪಾಸಿಟಿವ್, ನೆಗೆಟಿವ್ ಅನ್ನುತ್ತೇವಲ್ಲ, ಆ 'ಆರ್‌ಎಚ್' ಹೆಸರೇ ರೀಸಸ್ ಮಂಗದಿಂದ ಬಂದದ್ದು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಮಂಗದ ರಕ್ತಕಣಗಳನ್ನು ಮೊಲಗಳಿಗೆ ಚುಚ್ಚಿ ಸೀರಂ ತೆಗೆದರು. ಅದು ಶೇ 85ರಷ್ಟು ಜನರ ರಕ್ತವನ್ನು ಗಂಟುಗಟ್ಟಿಸಿತು. ಅವರು ಹಿಡಿದದ್ದು ಇನ್ನೊಂದೇ ಪ್ರೋಟೀನು ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು.

ಎ, ಬಿ, ಒ ಗುಂಪುಗಳೂ ನಮ್ಮವಷ್ಟೇ ಅಲ್ಲ. ಚಿಂಪಾಂಜಿಗಳಲ್ಲಿ ಹೆಚ್ಚಿನವು ಎ, ಕೆಲವು ಒ. ಗೊರಿಲ್ಲಾ ಬಿ. ನಮ್ಮಲ್ಲಿರುವ ಎ-ಬಿ ವ್ಯತ್ಯಾಸವೇ ಗಿಬ್ಬನ್‌ಗಳಲ್ಲೂ ಇದೆ, ಕನಿಷ್ಠ 2 ಕೋಟಿ ವರ್ಷದಿಂದ ಹರಿದು ಬಂದಿದೆ ಅಂತ 2012ರಲ್ಲಿ ತೋರಿಸಿದರು. ರೋಗಾಣುಗಳ ಜೊತೆಗಿನ ಜಗಳದಲ್ಲಿ ಎರಡೂ ಬೇಕಾಗಿದ್ದರಿಂದ ಉಳಿದಿರಬೇಕು.

ನಮ್ಮ ಮುಂಬೈಯದ್ದೇ ಒಂದು ಉದಾಹರಣೆ ಇದೆ. 1952ರಲ್ಲಿ ಡಾ. ಭೆಂಡೆ ಇಲ್ಲಿ ಪತ್ತೆ ಮಾಡಿದ ಬಾಂಬೆ ಬ್ಲಡ್ ಗ್ರೂಪ್. ಎ ಮತ್ತು ಬಿ ಕೂರುವುದಕ್ಕೆ ಬೇಕಾದ ಎಚ್ ಅನ್ನುವ ತಳಪಾಯವೇ ಇವರಲ್ಲಿ ಇರುವುದಿಲ್ಲ. ಅದನ್ನು ಕಟ್ಟುವ ಎಫ್‌ಯುಟಿ1 ಜೀನಿನ ಎರಡೂ ಪ್ರತಿ ಕೆಟ್ಟಿರುತ್ತದೆ. ಆದರೂ ಮನುಷ್ಯ ಗಟ್ಟಿಮುಟ್ಟು. ರಕ್ತ ಬೇಕಾದ ದಿನ ಮಾತ್ರ ಪೇಚಾಟ, ಯಾಕೆಂದರೆ ಒ ಗುಂಪಿನದ್ದೂ ಆಗುವುದಿಲ್ಲ. ರೀಸಸ್ ಮಂಗವನ್ನು ನೋಡಿದರೆ ಇದು ಅಷ್ಟು ಆಶ್ಚರ್ಯ ಅನ್ನಿಸುವುದಿಲ್ಲ. ಅದರ ಕೆಂಪು ರಕ್ತಕಣದ ಮೇಲೆ ಎ, ಬಿ, ಎಚ್ ಯಾವುದೂ ಇಲ್ಲ, ಜೊಲ್ಲಿನಲ್ಲಿ ಇದೆ. ಹಾಗಾಗಿ ರಿಪೋರ್ಟಿನಲ್ಲಿ 'ಜೀನ್ ಕೆಟ್ಟಿದೆ' ಅಂತ ಕಂಡ ಕೂಡಲೇ ಕಾಯಿಲೆ ಅಂತ ಹೆದರಬೇಕಾಗಿಲ್ಲ.

ಹುಬ್ಬಳ್ಳಿ ಟು ಪಿಂಪ್ರಿ

ಪಾಷಾಣ್ ಅವರೇ, ಓದಲಿಕ್ಕೆ ಚೆಂದ ಇದೆ. ಆದರೆ ನನಗೊಂದು ತಕರಾರು ಇದೆ ನೋಡ್ರಿ.

ಕೆಟ್ಟ ಬದಲಾವಣೆ ತಾನಾಗಿ ಅಳಿಯುತ್ತದೆ ಅಂದಿರಿ. ಮರಿ ಹಾಕುವ ಮುಂಚೆ ಪ್ರಾಣಿಗೆ ತೊಂದರೆ ಆದರೆ ಸರಿ. ಸ್ತನ ಕ್ಯಾನ್ಸರ್ ಬರುವುದು ಹೆಚ್ಚಾಗಿ ಮಕ್ಕಳಾದ ಮೇಲೆ. ಮಂಗ ಕಾಡಿನಲ್ಲಿ ಅಷ್ಟು ವರ್ಷ ಬದುಕುವುದೇ ಅಪರೂಪ. ಹಾಗಿದ್ದಾಗ ಅದರ ಮೈಯಲ್ಲಿ ಈ ಬದಲಾವಣೆ ಇದ್ದರೂ ಯಾರು ಜರಡಿ ಹಿಡಿದರು? ಮಂಗನಿಗೆ ಏನೂ ಆಗಲಿಲ್ಲ ಅನ್ನುವುದು ಮಂಗ ಬೇಗ ಸತ್ತಿತು ಅನ್ನುವುದೂ ಆಗಿರಬಹುದು, ಅಲ್ವಾ?

ಮನುಷ್ಯರಲ್ಲೇ ಇದಕ್ಕೆ ಉದಾಹರಣೆ ಇದೆ. ಎಂವೈಬಿಪಿಸಿ3 ಅನ್ನುವ ಹೃದಯದ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ನಮ್ಮ ದಕ್ಷಿಣ ಏಷ್ಯಾದ ಜನರಲ್ಲಿ ಶೇ 4ರಷ್ಟು ಮಂದಿಗೆ ಇದೆ ಅಂತ 2009ರಲ್ಲಿ ಬಂದಿತ್ತು. ವಯಸ್ಸಾದ ಮೇಲೆ ಹೃದಯ ಸೋಲುವ ಅಪಾಯ ಅದರಿಂದ ಏರುತ್ತದೆ. ಶೇ 4 ಅಂದರೆ ಅಪರೂಪ ಅಲ್ಲವೇ ಅಲ್ಲ. ಆದರೂ ಉಳಿದುಕೊಂಡಿದೆ.

ಡೊಂಬಿವಲಿ ಲೋಕಲ್

ಈಗ ಮಜಾ ಬಂತು. ಪಾಷಾಣ್ ಸರ್, ಉತ್ತರ ಕೊಡಿ.

ಪಾಷಾಣ್ ಡೇಟಾ

ಹುಬ್ಬಳ್ಳಿಯವರ ತಕರಾರು ಸರಿಯಾಗಿದೆ. ತಡವಾಗಿ ಬರುವ ಕಾಯಿಲೆಗಳಲ್ಲಿ ಈ ಲೆಕ್ಕದ ಹಿಡಿತ ಸಡಿಲ. ಬಿಆರ್‌ಸಿಎ1ಕ್ಕೆ ಒಂದು ಚೂರು ರಿಯಾಯಿತಿ ಕೊಡಬಹುದು. ಈ ಜೀನಿನ ಕೆಲಸ ಕ್ಯಾನ್ಸರ್ ತಡೆಯುವುದಷ್ಟೇ ಅಲ್ಲ. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡುವುದು ಅದರ ಕಸುಬು. ಇಲಿಗಳಲ್ಲಿ ಎರಡೂ ಪ್ರತಿ ಪೂರ್ತಿ ತೆಗೆದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಅಂದರೆ ಜರಡಿ ಹುಟ್ಟುವ ಮುಂಚೆಯೇ ಶುರುವಾಗುತ್ತದೆ. ಆದರೆ ಪೂರ್ತಿ ಕೆಡಿಸದೆ ಅರ್ಧಂಬರ್ಧ ಕುಂಟಿಸುವ ಬದಲಾವಣೆ ಆ ಜರಡಿಯಲ್ಲಿ ಸೋರಿ ಹೋಗಬಹುದು.

ಇನ್ನೂ ಒಂದು ತೊಡಕಿದೆ. ಎಷ್ಟೋ ಜೀನುಗಳು ಕೋಟ್ಯಂತರ ವರ್ಷ ಹೆಚ್ಚೇನೂ ಬದಲಾಗದೆ ಕೂತಿವೆ. ಬಿಆರ್‌ಸಿಎ1 ಹಾಗಲ್ಲ. ಮನುಷ್ಯ ಮತ್ತು ಚಿಂಪಾಂಜಿಯ ಕವಲಿನಲ್ಲಿ ಅದು ಜೋರಾಗಿ ಬದಲಾಗಿದೆ. ಹೀಗೆ ಓಡುವ ಜೀನಿನಲ್ಲಿ ಮಂಗದ ಒಂದು ಅಕ್ಷರವನ್ನು ತಂದು ನಮ್ಮದಕ್ಕೆ ಹೊಂದಿಸುವಾಗ ಹುಷಾರಾಗಿರಬೇಕು.

ಮಂಗನಿಗೆ ಒಗ್ಗಿದ್ದು ನಮಗೆ ಒಗ್ಗದಿರುವುದೂ ಉಂಟು. ರೀಸಸ್ ಜೀನೋಮ್ ಬಂದಾಗಲೇ ಇದು ಕಣ್ಣಿಗೆ ಬಿತ್ತು. ಮಕ್ಕಳಿಗೆ ಫೀನೈಲ್‌ಕೀಟೋನ್ಯೂರಿಯಾ ಅನ್ನುವ ಕಾಯಿಲೆ ತರುವ ಪಿಎಎಚ್ ಜೀನಿನ ಬದಲಾವಣೆ ಆ ಮಂಗನಲ್ಲಿ ಮಾಮೂಲಿ ಅಕ್ಷರವೇ ಆಗಿತ್ತು. ಮಂಗ ಆರಾಮಾಗಿ ಇತ್ತು. ಅದೇ ಪ್ರೋಟೀನಿನ ಇನ್ನೊಂದು ಜಾಗದಲ್ಲಿ ಬೇರೊಂದು ಬದಲಾವಣೆ ಇದ್ದು ಇದರ ದೋಷ ಸರಿದೂಗಿಸಿರಬೇಕು. ನಮ್ಮಲ್ಲಿ ಆ ಜೋಡಿ ಇಲ್ಲ.

ಮರೆವಿನ ಕಾಯಿಲೆ ಆಲ್‌ಜೈಮರ್‌ನ ಅಪಾಯ ಏರಿಸುತ್ತದೆ ಅಂತ ಹೆಸರಾದದ್ದು ಎಪಿಒಇ ಜೀನಿನ ಇ4 ಅನ್ನುವ ರೂಪ. ಚಿಂಪಾಂಜಿಯ ಪ್ರೋಟೀನು ಮುಖ್ಯ ಎರಡು ಜಾಗದಲ್ಲಿ ನಮ್ಮ ಇ4ನಂತೆಯೇ ಇದೆ. ಆದರೆ 61ನೇ ಜಾಗದಲ್ಲಿ ಅದರ ಅಮೈನೋ ಆಮ್ಲ ಬೇರೆ. ಆ ಒಂದರಿಂದ ಅದರ ನಡವಳಿಕೆ ನಮ್ಮಲ್ಲಿ ಮಾಮೂಲಿಯಾದ ಇ3 ರೂಪಕ್ಕೆ ಹತ್ತಿರ.

ಇಷ್ಟೆಲ್ಲ ಆದರೂ ನಾನು ಈ ಡೇಟಾವನ್ನು ಬಿಡುವುದಿಲ್ಲ. ಮಾಮೂಲಾಗಿ ಮಂಗಗಳಲ್ಲಿ ಸಿಗುವ ಬದಲಾವಣೆಗಳನ್ನು ರೋಗಿಗಳ ದಾಖಲೆಯ ಜೊತೆ ತಾಳೆ ಹಾಕಿದರೆ ಬಹುಪಾಲು ನಿರಪಾಯದ ಪಟ್ಟಿಯಲ್ಲೇ ಇರುತ್ತವೆ. ಪಿಎಎಚ್‌ನಂಥವು ಕಡಿಮೆ. ಅನುಮಾನದ ರಾಶಿಯನ್ನು ತಗ್ಗಿಸಲಿಕ್ಕೆ ಮಂಗಗಳ ಡೇಟಾ ಒಳ್ಳೆಯ ಸಾಧನ. ಇದೇ ಕಾಯಿಲೆ ಅಂತ ಬೆರಳು ಮಾಡಿ ತೋರಿಸುವ ಶಕ್ತಿ ಅದಕ್ಕೆ ಇಲ್ಲ, ಒಬ್ಬ ರೋಗಿಯ ತೀರ್ಮಾನವನ್ನು ಅದೊಂದರ ಮೇಲೆ ಮಾಡಲಿಕ್ಕೂ ಆಗುವುದಿಲ್ಲ.

ವಾಳಪೈ ಗೇರುಬೀಜ

ನಾನು ಗೋವಾದ ಸತ್ತರಿ ಕಡೆಯವನು, ಮೂಲ ಸಾಗರ. ನೀವೆಲ್ಲ ಮಂಗನಿಂದ ಸಮಾಧಾನ ಹುಡುಕುತ್ತಿದ್ದೀರಿ ಮಾರಾಯ್ರೇ, ನಮಗೆ ಮಂಗ ಅಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ವೈರಸ್ ಪತ್ತೆ ಮಾಡಿದ್ದು ನಿಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಈಗಿನ ಎನ್‌ಐವಿ. ಅದೇ ಕಾಯಿಲೆ 2015ರಲ್ಲಿ ನಮ್ಮ ಸತ್ತರಿಗೆ ಬಂತು, ಗೇರು ತೋಟದಲ್ಲಿ ದುಡಿಯುವವರಿಗೆ ತಗುಲಿತು. ಮರುವರ್ಷ ಪಕ್ಕದ ಸಿಂಧುದುರ್ಗದಲ್ಲೂ ಶುರು. ಉಣ್ಣೆ ಕಚ್ಚಿ ಬರುವುದು, ಮಂಗ ಮುಟ್ಟಿದ್ದಕ್ಕೆ ಅಲ್ಲ ಅಂತ ಎಷ್ಟು ಹೇಳಿದರೂ ಜನ ಮಂಗನಿಗೇ ಬೈಯುತ್ತಾರೆ. ಪಾಪ, ಸಾಯುವುದು ಅವೇ.

ನನ್ನ ಪ್ರಶ್ನೆ ಇಷ್ಟೇ. ಅಷ್ಟು ಹತ್ತಿರದ ನೆಂಟರಾಗಿದ್ದರೆ ಕೆಲವು ರೋಗಕ್ಕೆ ಅವು ಯಾಕೆ ಪಟಪಟ ಸಾಯುತ್ತವೆ, ಕೆಲವಕ್ಕೆ ಯಾಕೆ ಏನೂ ಆಗುವುದಿಲ್ಲ? ಜೀನೋಮ್ ಓದಿದರೆ ಅದು ಗೊತ್ತಾಗುತ್ತದಾ?

ಪಾಷಾಣ್ ಡೇಟಾ

ಈ ಪ್ರಶ್ನೆಯೇ ನನಗೆ ಇದರಲ್ಲಿ ಜಾಸ್ತಿ ಇಷ್ಟ. ಮಂಗನ ಕಾಯಿಲೆಯ ಬಗ್ಗೆ ನಾನು ಕೈಹಾಕುವುದಿಲ್ಲ, ಎಚ್‌ಐವಿಯಲ್ಲಿ ಒಳ್ಳೆಯ ಉತ್ತರ ಇದೆ.

ಎಚ್‌ಐವಿ ಬಂದದ್ದೇ ಇವುಗಳಿಂದ. ಎಚ್‌ಐವಿ-1 ಚಿಂಪಾಂಜಿಗಳ ಎಸ್‌ಐವಿಯಿಂದ (ಎಚ್‌ಐವಿಯಂಥದೇ ಮಂಗಗಳ ವೈರಸ್), ಎಚ್‌ಐವಿ-2 ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಅನ್ನುವ ಮಂಗದ ಎಸ್‌ಐವಿಯಿಂದ. ಈ ಮ್ಯಾಂಗಬೆ ಮೈತುಂಬ ವೈರಸ್ ಇಟ್ಟುಕೊಂಡೂ ಏಡ್ಸ್‌ಗೆ ಬೀಳುವುದಿಲ್ಲ. ಅದೇ ವೈರಸ್ ರೀಸಸ್ ಮಂಗಕ್ಕೆ ಹೋದರೆ ಏಡ್ಸ್ ಬರುತ್ತದೆ. 2018ರಲ್ಲಿ ಮ್ಯಾಂಗಬೆಯ ಜೀನೋಮ್ ಓದಿ ರೀಸಸ್ ಜೊತೆ ಹೋಲಿಸಿದರು. ಟಿಎಲ್‌ಆರ್4, ಐಸಿಎಎಂ2 ಅನ್ನುವ ಎರಡು ಜೀನುಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿತು. ಟಿಎಲ್‌ಆರ್4 ಮೈಯಲ್ಲಿ ಉರಿಯೂತದ ಗಂಟೆ ಬಾರಿಸುವ ಜೀನು. ಮ್ಯಾಂಗಬೆಯಲ್ಲಿ ಆ ಗಂಟೆ ಮೆತ್ತಗೆ ಬಾರಿಸುತ್ತದೆ. ಏಡ್ಸ್‌ನಲ್ಲಿ ಮೈಯನ್ನು ಹಾಳು ಮಾಡುವುದು ವೈರಸ್ ಒಂದೇ ಅಲ್ಲ, ನಿಲ್ಲದೆ ನಡೆಯುವ ಉರಿಯೂತವೂ ಹೌದು ಅನ್ನುವುದಕ್ಕೆ ಇದು ಬಲ ಕೊಟ್ಟಿತು.

ರೀಸಸ್‌ಗೂ ಒಂದು ಗುರಾಣಿ ಇದೆ. ನಮ್ಮ ಎಚ್‌ಐವಿ-1 ಅದರ ಜೀವಕೋಶದಲ್ಲಿ ನಡೆಯುವುದಿಲ್ಲ. ಅದರ ಟ್ರಿಮ್5-ಆಲ್ಫಾ ಪ್ರೋಟೀನು ಬಾಗಿಲಲ್ಲೇ ತಡೆಯುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ನಮ್ಮಲ್ಲೂ ಟ್ರಿಮ್5 ಇದೆ, ಆದರೆ ಎಚ್‌ಐವಿ-1ರ ಮುಂದೆ ಮೆದು.

ಹಾಗಾಗಿ ಎರಡು ಬೇರೆ ಬೇರೆ ಉಪಯೋಗ. ಅಕ್ಕನ ರಿಪೋರ್ಟಿನಲ್ಲಿ ಮಂಗ ನಮ್ಮಂತೆ ಇರುವುದು ಕೆಲಸಕ್ಕೆ ಬಂತು. ಇಲ್ಲಿ ನಮ್ಮಂತೆ ಇಲ್ಲದಿರುವುದೇ ಕೆಲಸಕ್ಕೆ ಬರುತ್ತದೆ.

ಮಾಟುಂಗಾ ಮೇಷ್ಟ್ರು

ಎಲ್ಲ ಸರಿ. ಆದರೆ ಮಂಗಗಳನ್ನು ಕೂಡಿಹಾಕಿ ಚುಚ್ಚುವ ಮಾತು ಯಾರೂ ಎತ್ತಲಿಲ್ಲ. 1950ರ ದಶಕದಲ್ಲಿ ಪೋಲಿಯೋ ಲಸಿಕೆಗೆ ಅಂತ ನಮ್ಮ ದೇಶದಿಂದ ಲಕ್ಷಗಟ್ಟಲೆ ರೀಸಸ್ ಮಂಗಗಳನ್ನು ಹಡಗು, ವಿಮಾನ ಹತ್ತಿಸಿದರು. 1978ರಲ್ಲಿ ರಫ್ತು ನಿಂತಿತು. ನಿಮ್ಮ ಈ 809 ಪ್ರಾಣಿಗಳ ಗತಿ ಏನು?

ಪಾಷಾಣ್ ಡೇಟಾ

ಮೇಷ್ಟ್ರೇ, ಜೀನೋಮ್ ಓದಲಿಕ್ಕೆ ಪ್ರಾಣಿಯನ್ನು ಕಾಯಿಲೆಗೆ ಕೆಡವಬೇಕಾಗಿಲ್ಲ. ಸ್ವಲ್ಪ ರಕ್ತ ಸಾಕು. ಅಳಿವಿನಂಚಿನ ಜಾತಿಗಳಲ್ಲಿ ಒಳಸಂಬಂಧ ಎಷ್ಟು ಜಾಸ್ತಿಯಾಗಿದೆ ಅಂತ ನೋಡಲಿಕ್ಕೂ ಅದೇ ಡೇಟಾ ಬೇಕು. ನಮ್ಮ ಘಟ್ಟದ ಸಿಂಗಳೀಕದಂಥವಕ್ಕೆ ಅದು ಉಪಕಾರವೇ. ಲಸಿಕೆ ಪರೀಕ್ಷೆಯ ವಿಷಯ ಬೇರೆ.

ಹುಬ್ಬಳ್ಳಿ ಟು ಪಿಂಪ್ರಿ

ಲಸಿಕೆ ಅಂದಿರಲ್ಲ, ಕೊವ್ಯಾಕ್ಸಿನ್ ಪರೀಕ್ಷೆಗೆ ಇಲ್ಲೇ ಎನ್‌ಐವಿಯಲ್ಲಿ 20 ರೀಸಸ್ ಮಂಗಗಳನ್ನು ಬಳಸಿದ್ದರು. ಲಾಕ್‌ಡೌನಿನಲ್ಲಿ ಮಂಗ ಸಿಗದೆ ನಾಗಪುರದ ಕಡೆ ಹುಡುಕಿಸಿದ್ದರು ಅಂತ ಆಮೇಲೆ ಸುದ್ದಿ ಬಂತು. ನಾವೆಲ್ಲ ಆ ಚುಚ್ಚುಮದ್ದು ಚುಚ್ಚಿಸಿಕೊಂಡವರೇ. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಮಾಟುಂಗಾ ಮೇಷ್ಟ್ರು

ನಾನೂ ಚುಚ್ಚಿಸಿಕೊಂಡಿದ್ದೇನೆ. ಆದರೂ ಪ್ರಶ್ನೆ ಕೇಳುತ್ತೇನೆ. ಅಮೆರಿಕದಲ್ಲಿ ಸರ್ಕಾರದ ದುಡ್ಡಿನ ಚಿಂಪಾಂಜಿ ಪ್ರಯೋಗಗಳು 2015ರಲ್ಲಿ ನಿಂತವು. ಚಿಂಪಾಂಜಿಗೆ ಸಿಕ್ಕ ರಿಯಾಯಿತಿ ರೀಸಸ್‌ಗೆ ಯಾಕಿಲ್ಲ? ಕೇಳುವವರು ಇರಬೇಕು.

ಕೋಥ್ರುಡ್ ಕನ್ನಡತಿ

ಎಲ್ಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಬಾಂಬೆ ಗ್ರೂಪ್ ಕಥೆ ಅವರಿಗೆ ಹಿಡಿಸಿತು. ಆದರೆ ನನಗೆ ಈಗ ಮೊದಲಿಗಿಂತ ಗೊಂದಲ. ಮಂಗನ ಮಾತು ಸ್ವಲ್ಪ ನಂಬಬಹುದು, ಪೂರ್ತಿ ನಂಬಬಾರದು. ಹಾಗಾದರೆ ಮುಂದೆ ಏನು ಮಾಡಬೇಕು?

ಪಾಷಾಣ್ ಡೇಟಾ

ಅಕ್ಕಾ, ತೀರ್ಮಾನ ನಿಮ್ಮ ಡಾಕ್ಟರದ್ದು. ಲ್ಯಾಬಿನ ಕಡೆಯಿಂದ ಹೇಳುತ್ತೇನೆ. ಜೀನ್ ಬದಲಾವಣೆ ಕೆಡುಕೋ ನಿರಪಾಯವೋ ಅಂತ ವಿಂಗಡಿಸಲಿಕ್ಕೆ 2015ರಲ್ಲಿ ಬಂದ ಅಮೆರಿಕದ ನಿಯಮಾವಳಿಯನ್ನೇ ಇಲ್ಲಿಯ ಲ್ಯಾಬುಗಳೂ ಹೆಚ್ಚಾಗಿ ಅನುಸರಿಸುತ್ತವೆ. ಅದರಲ್ಲಿ ಕಂಪ್ಯೂಟರ್ ಅಂಕಗಳಿಗೆ ಸಣ್ಣ ಬೆಂಬಲದ ತೂಕ ಮಾತ್ರ. ಅದಕ್ಕೇ ಮಂಗನ ವಾಕ್ಯ ಇದ್ದರೂ ನಿಮ್ಮ ನಾದಿನಿಯದ್ದು ವಿಯುಎಸ್ ಆಗಿಯೇ ಉಳಿದಿದೆ.

ಬಿಆರ್‌ಸಿಎ1ರಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗಬಹುದು. 2018ರಲ್ಲಿ ಸಿಯಾಟಲ್‌ನವರು ಈ ಜೀನಿನ ಮುಖ್ಯ ಭಾಗಗಳಲ್ಲಿ ಸುಮಾರು 4,000 ಒಂಟಿ ಅಕ್ಷರದ ಬದಲಾವಣೆಗಳನ್ನು ಒಂದೊಂದಾಗಿ ಮನುಷ್ಯರ ಜೀವಕೋಶದಲ್ಲಿ ಮಾಡಿ, ಕೋಶ ಬದುಕುತ್ತದಾ ಸಾಯುತ್ತದಾ ಅಂತ ನೋಡಿದರು. ನಿಮ್ಮ ಬದಲಾವಣೆ ಆ ಪಟ್ಟಿಯಲ್ಲಿದ್ದರೆ ಮಂಗಕ್ಕಿಂತ ಅದರ ಮಾತಿಗೆ ಬೆಲೆ ಜಾಸ್ತಿ. ನಮ್ಮವರದ್ದೇ ಡೇಟಾ ಈಗ ಸೇರುತ್ತಿರುವುದೂ ಒಳ್ಳೆಯದು. ಜೀನೋಮ್ ಇಂಡಿಯಾ ಅನ್ನುವ ನಮ್ಮ ಸರ್ಕಾರದ ಯೋಜನೆಯಲ್ಲಿ 83 ಸಮುದಾಯಗಳ 10,000 ಜನರ ಜೀನೋಮ್ ಓದಿದ್ದಾರೆ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದರು. ಪಾಶ್ಚಾತ್ಯರ ಪಟ್ಟಿಯಲ್ಲಿ ಅಪರೂಪ ಅಂತ ಕಾಣುವ ಅಕ್ಷರ ನಮ್ಮ ಕಡೆ ಮಾಮೂಲಿ ಆಗಿರಬಹುದು.

ಹೆಣ್ಣುಮಕ್ಕಳ ವಿಷಯ. ವಿಯುಎಸ್ ಒಂದನ್ನೇ ಹಿಡಿದು ಮನೆಮಂದಿಗೆ ಭವಿಷ್ಯ ಹೇಳುವ ಪರೀಕ್ಷೆ ಮಾಡಿಸುವ ವಾಡಿಕೆ ಇಲ್ಲ. ಅದನ್ನು ನಂಬಿ ಆಪರೇಷನ್ ಮಾಡಿಸುವ ಪ್ರಶ್ನೆಯೂ ಇಲ್ಲ. ಅವರಿಗೆ ತಪಾಸಣೆ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಮನೆತನದ ಇತಿಹಾಸ ನೋಡಿ ಡಾಕ್ಟರು ಹೇಳುತ್ತಾರೆ. ಕೆಲವು ಸಲ ಮನೆಯ ಹಿರಿಯರ ರಕ್ತ ಕೇಳುತ್ತಾರೆ. ಕ್ಯಾನ್ಸರ್ ಬಂದವರಲ್ಲಿ ಆ ಅಕ್ಷರ ಇದೆಯಾ, ಬಾರದವರಲ್ಲೂ ಇದೆಯಾ ಅಂತ ತಾಳೆ ನೋಡುವುದಕ್ಕೆ. ಅದು ಬೇರೆ ಉದ್ದೇಶ, ಕೇಳಿದರೆ ಕೊಡಿ.

ಪರೇಲ್ ಬ್ಲಡ್ ಬ್ಯಾಂಕ್

ಒಂದು ಮಾತು ಸೇರಿಸಲಾ? ಮುಂದೆ ತೀರ್ಮಾನ ಬದಲಾಗುವ ವಿಯುಎಸ್‌ಗಳಲ್ಲಿ ಹೆಚ್ಚಿನವು ನಿರಪಾಯದ ಕಡೆಗೇ ಹೋಗುತ್ತವೆ. ಆದರೆ ತೀರ್ಮಾನ ಬದಲಾದ ಸುದ್ದಿ ತಾನಾಗಿ ಮನೆಗೆ ಬರುತ್ತದೆ ಅಂತ ಕೂರಬೇಡಿ. ಒಂದೆರಡು ವರ್ಷಕ್ಕೊಮ್ಮೆ ನೀವೇ ಲ್ಯಾಬಿಗೆ ಫೋನ್ ಮಾಡಿ ಮತ್ತೆ ನೋಡಿ ಅಂತ ಕೇಳಿ.

ಕೋಥ್ರುಡ್ ಕನ್ನಡತಿ

ಇದು ಯಾರೂ ಹೇಳಿರಲಿಲ್ಲ. ರಿಪೋರ್ಟಿನ ಫೋಟೋ ಇಲ್ಲಿ ಹಾಕಿದರೆ ಆ 4,000ದ ಪಟ್ಟಿಯಲ್ಲಿ ನೋಡಿ ಹೇಳುತ್ತೀರಾ?

ಪಾಷಾಣ್ ಡೇಟಾ

ಫೋಟೋ ಹಾಕಬೇಡಿ. ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಎಲ್ಲ ಅದರಲ್ಲಿ ಇರುತ್ತದೆ, ಮತ್ತೆ ಜೀನ್ ಮಾಹಿತಿ ಇಡೀ ಮನೆತನದ್ದು. ರಿಪೋರ್ಟಿನಲ್ಲಿ 'ಸಿ' ಅಕ್ಷರ, ಒಂದು ಚುಕ್ಕಿ, ಆಮೇಲೆ ಅಂಕಿಗಳು ಇರುವ ಒಂದು ಹೆಸರು ಇರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಭೇಟಿಯಲ್ಲಿ ಕೌನ್ಸೆಲರ್‌ಗೆ ಕೊಟ್ಟು, ಕ್ಲಿನ್‌ವಾರ್ ಅನ್ನುವ ಜೀನ್ ಬದಲಾವಣೆಗಳ ದಾಖಲೆಯಲ್ಲಿ ಏನಿದೆ, ಆ ಜೀವಕೋಶದ ಪ್ರಯೋಗದಲ್ಲಿ ಏನು ಬಂದಿದೆ ಅಂತ ಕೇಳಿ. ಕ್ಲಿನ್‌ವಾರ್ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಾಗಿಲ್ಲ. ಅವರು ನಿಮ್ಮ ಎದುರಿಗೇ ತೆರೆದು ತೋರಿಸಬಹುದು.